ಚಿಚೆನ್ ಇಟ್ಸಾದಲ್ಲಿ ಎರಡು ಗಂಟೆ: ಗೈಡ್ ಹೇಳುವುದು, ಕಲ್ಲು ಹೇಳುವುದು

ಮೆಕ್ಸಿಕೋದ ಕೆರಿಬಿಯನ್ ಕರಾವಳಿಯ ಕಾನ್‌ಕುನ್ ನಗರದಿಂದ, ಮಾಯಾ ಜನರ ಪ್ರಾಚೀನ ನಗರವಾದ ಚಿಚೆನ್ ಇಟ್ಸಾಕ್ಕೆ ಸುಮಾರು 200 ಕಿಲೋಮೀಟರ್ ದಾರಿ, ಬಸ್ಸಿನಲ್ಲಿ ಎರಡೂವರೆ ಗಂಟೆಯ ಪ್ರಯಾಣ. ಬೆಳಿಗ್ಗೆ ಹೊರಟು, ಬಿಸಿಲು ಏರುವ ಹೊತ್ತಿಗೆ ತಲುಪಿ, ಗೈಡ್ ಹಿಂದೆ ಎರಡು ಗಂಟೆ ಸುತ್ತಿ, ಯಾವುದಾದರೊಂದು ನೆಲದೊಳಗಿನ ಕೊಳದಲ್ಲಿ ಮುಳುಗೆದ್ದು, ವಯ್ಯಾದೋಲಿದ್ ಪಟ್ಟಣದ ಚೌಕದಲ್ಲಿ ಸ್ವಲ್ಪ ಹೊತ್ತು ನಿಂತು, ಕತ್ತಲಾಗುವಾಗ ಹೋಟೆಲಿಗೆ ಮರಳುವುದು ಇಲ್ಲಿನ ಒಂದು ದಿನದ ಪ್ರವಾಸದ ರೂಢಿಯ ಕ್ರಮ. ಉತ್ತರ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಚಳಿಗಾಲದ ರಜೆಯಲ್ಲಿ ಈ ಕರಾವಳಿ ಪರಿಚಿತವಾದುದೇ. ಆದರೆ ಆ ಎರಡು ಗಂಟೆಗಳಲ್ಲಿ ಕಿವಿಗೆ ಬೀಳುವ ಅಂಕಿಗಳು, ದೇವರ ಹೆಸರುಗಳು, ಬಲಿಯ ಕಥೆಗಳು ಒಂದರ ಮೇಲೊಂದು ಬಿದ್ದು, ಸಂಜೆ ಬಸ್ಸಿನಲ್ಲಿ ಕುಳಿತಾಗ ನೆನಪಿನಲ್ಲಿ ಉಳಿಯುವುದು ಮಾತ್ರ 'ಏನೋ ನಿಗೂಢ ಜನಾಂಗ, ಎಲ್ಲವನ್ನೂ ಬಿಟ್ಟು ಮಾಯವಾಯಿತಂತೆ' ಎಂಬ ಒಂದು ಮಾತು. ಅದು ತಪ್ಪು ಮಾತು ಎಂಬುದು ಈ ಲೇಖನದ ತಕರಾರು.

ಗೈಡ್‌ಗಳನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರಲ್ಲಿ ಅನೇಕರು ಚೆನ್ನಾಗಿ ಓದಿಕೊಂಡವರು. ಕೆಲವರಿಗೆ ಮಾಯಾ ಭಾಷೆಯೇ ಮನೆಮಾತು. ಆದರೆ ಅವರ ಮಾತಿನಲ್ಲಿ ಮೂರು ಬಗೆಯ ಸಂಗತಿಗಳು ಬೆರೆತಿರುತ್ತವೆ: ಕಲ್ಲಿನ ಮೇಲೆ ಎಣಿಸಿ ನೋಡಬಹುದಾದುದು, ವಿದ್ವಾಂಸರು ಇನ್ನೂ ವಾದಿಸುತ್ತಿರುವುದು, ಮತ್ತು ಪ್ರವಾಸಿಗರಿಗೆ ರುಚಿಸುತ್ತದೆ ಎಂಬ ಕಾರಣಕ್ಕೆ ಉಳಿದುಕೊಂಡ ಕಥೆ. ಮೂರನ್ನೂ ಒಂದೇ ದನಿಯಲ್ಲಿ ಹೇಳುವುದರಿಂದ ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಕಡೆಯ ವಾಟ್ಸಾಪ್ ಸಂದೇಶಗಳು ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತವೆ: ಮಾಯಾ ಎಂದರೆ ಮಹಾಭಾರತದ ಮಯಾಸುರನ ಸಂತತಿ ಎಂಬುದು. ಎರಡು ಭಾಷೆಗಳಲ್ಲಿ ಒಂದು ಸದ್ದು ಕೂಡಿಬಂದ ಮಾತ್ರಕ್ಕೆ ಸಂಬಂಧ ಹುಟ್ಟುವುದಿಲ್ಲ. ಆ ವಿಷಯವನ್ನು ಇಲ್ಲಿಗೇ ಬಿಡೋಣ.

ಮೊದಲು ನೆಲವನ್ನು ನೋಡಬೇಕು. ಯುಕಾತಾನ್ ಪರ್ಯಾಯ ದ್ವೀಪದ ಉತ್ತರ ಭಾಗವೆಂದರೆ ಹಲಗೆಯಂತೆ ಚಪ್ಪಟೆಯಾದ ಸುಣ್ಣದಕಲ್ಲಿನ ಹಾಸು. ಮಳೆ ಸುರಿಯುತ್ತದೆ, ಆದರೆ ನೀರು ನೆಲದ ಮೇಲೆ ಹರಿಯುವುದಿಲ್ಲ. ಕಲ್ಲಿನ ಸಂದುಗಳಲ್ಲಿ ಇಳಿದು, ಸುಣ್ಣವನ್ನು ಕರಗಿಸುತ್ತಾ, ಒಳಗೇ ಹರಿದು ಸಮುದ್ರ ಸೇರುತ್ತದೆ. ಹೀಗಾಗಿ ಇಲ್ಲಿ ನದಿಗಳೇ ಇಲ್ಲ. ಒಳಗೆ ಟೊಳ್ಳಾದ ಗುಹೆಯ ಚಾವಣಿ ಕುಸಿದ ಕಡೆ ಮಾತ್ರ ಬಾವಿಯಂತೆ ಬಾಯ್ದೆರೆದ ಕೊಳಗಳು ಕಾಣುತ್ತವೆ. ಮಾಯಾ ಭಾಷೆಯ ತ್ಸೋನೋತ್ ಎಂಬ ಪದವನ್ನು ಸ್ಪ್ಯಾನಿಷರು ಸೆನೋಟೆ ಎಂದು ಮಾಡಿಕೊಂಡರು. ಚಿಚೆನ್ ಇಟ್ಸಾ ಎಂಬ ಹೆಸರಿನಲ್ಲೂ ಇರುವುದು ನೀರೇ: ಚಿ ಎಂದರೆ ಬಾಯಿ, ಚೆಎನ್ ಎಂದರೆ ಬಾವಿ, ಇಟ್ಸಾ ಎಂಬುದು ಇಲ್ಲಿ ಆಳಿದ ಜನರ ಹೆಸರು; ಒಟ್ಟಿನಲ್ಲಿ 'ಇಟ್ಸಾ ಜನರ ಬಾವಿಯ ಬಾಯಿ'. ಗೋಡೆಗಳ ಮೂಲೆಮೂಲೆಯಲ್ಲಿ ಸೊಂಡಿಲಿನಂತೆ ಮೂಗು ಬಾಗಿದ ಮುಖವಾಡಗಳು ಏಕಿಷ್ಟಿವೆ ಎಂದು ಕೇಳಿದರೆ ಉತ್ತರ ಇಲ್ಲೇ ಇದೆ. ಅವನ್ನು ಸಾಮಾನ್ಯವಾಗಿ ಮಳೆಯ ದೇವರಾದ ಚಾಕ್‌ನ ಮುಖಗಳೆಂದು ಗುರುತಿಸುತ್ತಾರೆ. ಬೇಸಿಗೆಯ ಕೊನೆಯಲ್ಲಿ ಆಕಾಶ ನೋಡುತ್ತಾ ಕುಳಿತುಕೊಳ್ಳುವ ಬಯಲುಸೀಮೆಯ ರೈತನಿಗೆ ಈ ಭಕ್ತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಟಿಕೆಟ್ ತೋರಿಸಿ ಒಳಗೆ ಬಂದೊಡನೆ ಎದುರಾಗುವುದು ಸ್ಪ್ಯಾನಿಷರು ಎಲ್ ಕಾಸ್ತಿಯೊ, ಅಂದರೆ ಕೋಟೆ, ಎಂದು ಕರೆದ ಪಿರಮಿಡ್. ಇದು ಕೋಟೆಯಲ್ಲ, ಗರಿಗಳುಳ್ಳ ಸರ್ಪದೇವತೆ ಕುಕುಲ್‌ಕಾನ್‌ನ ಗುಡಿ. ನೆಲದಿಂದ ಮೇಲಿನ ಗುಡಿಯ ತುದಿಯವರೆಗೆ ಸುಮಾರು 30 ಮೀಟರ್ ಎತ್ತರ, ಬುಡದಲ್ಲಿ ಒಂದೊಂದು ಬದಿಯೂ ಸುಮಾರು 55 ಮೀಟರ್. ಗೈಡ್ ಇಲ್ಲಿ ಎಣಿಕೆ ಆರಂಭಿಸುತ್ತಾರೆ. ನಾಲ್ಕು ಬದಿಗೂ 91 ಮೆಟ್ಟಿಲುಗಳು, ಒಟ್ಟು 364. ಮೇಲಿನ ಗುಡಿಯ ಕಟ್ಟೆಯನ್ನೂ ಸೇರಿಸಿದರೆ 365. ಒಂಬತ್ತು ಅಂತಸ್ತುಗಳನ್ನು ಮೆಟ್ಟಿಲಸಾಲು ನಡುವೆ ಸೀಳಿರುವುದರಿಂದ ಒಂದು ಬದಿಗೆ 18 ಭಾಗಗಳು. ಬದಿಯ ಗೋಡೆಗಳಲ್ಲಿ ಒಳತಗ್ಗಿಸಿದ ಚೌಕಗಳು 52. ಇಂದು ನಾವು ನೋಡುವ ಪಿರಮಿಡ್‌ನ ಎರಡು ಬದಿಗಳನ್ನು ಮಾತ್ರ 20ನೇ ಶತಮಾನದಲ್ಲಿ ಪೂರ್ತಿಯಾಗಿ ಜೀರ್ಣೋದ್ಧಾರ ಮಾಡಲಾಗಿದೆ, ಉಳಿದೆರಡು ಶಿಥಿಲವಾಗಿಯೇ ಇವೆ. ಹಾಗಾದರೆ ಈ ಎಣಿಕೆಯನ್ನು ನಂಬಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು. 16ನೇ ಶತಮಾನದಲ್ಲಿ ಇದನ್ನು ಹತ್ತಿದ ದಿಯೇಗೊ ದೆ ಲಾಂಡಾ ಎಂಬ ಪಾದ್ರಿಯೂ ಬದಿಗೆ 91 ಮೆಟ್ಟಿಲು ಎಂದೇ ಬರೆದಿಟ್ಟಿರುವುದರಿಂದ, ಸಂಖ್ಯೆ ಈಚಿನವರ ಕಲ್ಪನೆಯಲ್ಲ ಎಂದು ಒಪ್ಪಬಹುದು. ಈ ಪಾದ್ರಿಯನ್ನು ಮುಂದೆ ಮತ್ತೆ ಭೇಟಿಯಾಗಲಿದ್ದೇವೆ, ಅಷ್ಟು ಸುಖಕರವಲ್ಲದ ಸಂದರ್ಭದಲ್ಲಿ.

ಈ 365, 18, 52 ಎಂಬ ಅಂಕಿಗಳು ಎಲ್ಲಿಂದ ಬಂದವು? ಇಲ್ಲಿ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಒಂದೇ ದಿನಕ್ಕೆ ವಾರ, ತಿಥಿ, ನಕ್ಷತ್ರ ಎಂದು ಹಲವು ಹೆಸರುಗಳನ್ನು ನೋಡಿ ಬೆಳೆದವರಿಗೆ, ಬೇರೆಬೇರೆ ಉದ್ದದ ಸುತ್ತುಗಳು ಒಟ್ಟಿಗೆ ಉರುಳುವುದು ಹೊಸದೇನಲ್ಲ. ಮಾಯಾ ಪಂಚಾಂಗದ ಮೊದಲ ಸುತ್ತಿನಲ್ಲಿ 1ರಿಂದ 13ರವರೆಗಿನ ಸಂಖ್ಯೆಗಳು, ಜೊತೆಗೆ 20 ದಿನಗಳ ಹೆಸರುಗಳು. ಎರಡೂ ದಿನಕ್ಕೊಂದರಂತೆ ಮುಂದೆ ಸರಿಯುತ್ತವೆ. ಇಂದು 1 ಇಮಿಶ್ ಆದರೆ ನಾಳೆ 2 ಇಕ್. ಸೋಮವಾರ ಕಳೆದು ಮಂಗಳವಾರ ಬರುವಾಗ ನಕ್ಷತ್ರವೂ ಬದಲಾಗುವ ಹಾಗೆಯೇ ಇದು. 13ಕ್ಕೂ 20ಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿರುವುದರಿಂದ ಅದೇ ಜೋಡಿ ಮತ್ತೆ ಬರಲು 260 ದಿನ ಬೇಕು. ಈ 260 ದಿನಗಳ ಸುತ್ತನ್ನು ವಿದ್ವಾಂಸರು ತ್ಸೋಲ್ಕಿನ್ ಎಂದು ಕರೆಯುತ್ತಾರೆ. ಏಕೆ 260 ಎಂಬುದಕ್ಕೆ ಗರ್ಭಧಾರಣೆಯ ಒಂಬತ್ತು ತಿಂಗಳು, ಜೋಳದ ಬೇಸಾಯದ ಅವಧಿ ಎಂದು ಬಗೆಬಗೆಯ ವಿವರಣೆಗಳಿವೆ. ಯಾವುದೂ ಕೊನೆಯ ಮಾತಲ್ಲ. ಹೆಸರಿಡುವುದಕ್ಕೆ, ಶುಭಾಶುಭ ನೋಡುವುದಕ್ಕೆ ಈ ಸುತ್ತು ಬಳಕೆಯಾಗುತ್ತಿತ್ತು. ಗ್ವಾಟೆಮಾಲಾದ ಬೆಟ್ಟಸೀಮೆಯ ಕೆಲವು ಮಾಯಾ ಸಮುದಾಯಗಳಲ್ಲಿ ಈ ದಿನಗಳನ್ನು ಎಣಿಸಿ ಹೇಳುವ ಜೋಯಿಸರು ಇಂದಿಗೂ ಇದ್ದಾರೆ.

ಎರಡನೆಯ ಸುತ್ತು ಹಾಬ್: 20 ದಿನಗಳ 18 ತಿಂಗಳುಗಳು, ಅಂದರೆ 360 ದಿನ, ಕೊನೆಯಲ್ಲಿ ಅಶುಭವೆಂದು ಭಾವಿಸಿದ 5 ದಿನಗಳು, ಒಟ್ಟು 365. ಪಿರಮಿಡ್‌ನ 18 ಮತ್ತು 365 ಇಲ್ಲಿಯವು. ಮಾಯಾ ಜನರ ವರ್ಷ ನಮ್ಮ ಇಂದಿನ ಕ್ಯಾಲೆಂಡರಿಗಿಂತಲೂ ನಿಖರವಾಗಿತ್ತು ಎಂಬ ಮಾತು ಈ ಜಾಗದಲ್ಲಿ ಅನಿವಾರ್ಯವೆಂಬಂತೆ ಕೇಳಿಬರುತ್ತದೆ. ಆದರೆ ಹಾಬ್‌ನಲ್ಲಿ ಅಧಿಕ ದಿನವೆಂಬುದಿಲ್ಲ. ಆದ್ದರಿಂದ ಅದು ಋತುಗಳಿಂದ ನಾಲ್ಕು ವರ್ಷಕ್ಕೆ ಸುಮಾರು ಒಂದು ದಿನದಂತೆ ಜಾರುತ್ತಲೇ ಹೋಗುತ್ತದೆ. ಆಕಾಶವನ್ನು ಅವರು ಅಸಾಧಾರಣ ಶ್ರದ್ಧೆಯಿಂದ ಗಮನಿಸಿದ್ದರು ಎಂಬುದು ನಿಜ, ಆದರೆ ಅದಕ್ಕೆ ಸಾಕ್ಷಿ ಬೇರೆ ಕಡೆ ಇದೆ.

ಈಗ ಎರಡೂ ಸುತ್ತುಗಳನ್ನು ಕೂಡಿಸಿ. 260 ಮತ್ತು 365 ಎರಡೂ ಐದರಿಂದ ಭಾಗವಾಗುವುದರಿಂದ, ಎರಡರಲ್ಲೂ ಅದೇ ದಿನ ಮತ್ತೆ ಕೂಡಿಬರುವುದಕ್ಕೆ 18,980 ದಿನ, ಅಂದರೆ 365 ದಿನಗಳ 52 ವರ್ಷಗಳು ಬೇಕು. ಗೋಡೆಯ 52 ಚೌಕಗಳ ಅರ್ಥ ಇದೇ ಎಂದು ಬಹಳ ಮಂದಿ ಓದುತ್ತಾರೆ. ನಮ್ಮ 60 ಸಂವತ್ಸರಗಳ ಚಕ್ರದಲ್ಲಿರುವ ತೊಡಕೇ ಇಲ್ಲೂ ಇದೆ. 'ಪ್ರಭವ ಸಂವತ್ಸರದಲ್ಲಿ ನಡೆಯಿತು' ಎಂದಷ್ಟೇ ಹೇಳಿದರೆ ಯಾವ ಪ್ರಭವ ಎಂದು ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ನಮ್ಮ ಶಾಸನಗಳು ಶಕವರ್ಷವನ್ನೂ ಸಂವತ್ಸರವನ್ನೂ ತಿಥಿ-ವಾರಗಳನ್ನೂ ಒಟ್ಟೊಟ್ಟಿಗೆ ಕೆತ್ತಿಸುತ್ತವೆ. ಮಾಯಾ ಶಾಸನಗಳೂ ಹೀಗೆಯೇ. 52 ವರ್ಷಗಳಿಗೆ ಮರುಕಳಿಸುವ ದಿನದ ಜೊತೆಗೆ, ಒಂದು ಆದಿದಿನದಿಂದ ಕಳೆದುಹೋದ ಒಟ್ಟು ದಿನಗಳನ್ನೂ ಅವು ಕೊಡುತ್ತವೆ. ಇದನ್ನು ದೀರ್ಘ ಗಣನೆ ಎನ್ನಬಹುದು. ತತ್ತ್ವದಲ್ಲಿ ಇದು ನಮ್ಮ ಜ್ಯೋತಿಷ ಗ್ರಂಥಗಳ ಅಹರ್ಗಣವೇ. ಕಲಿಯುಗದ ಆರಂಭವೆಂದು ಹೇಳುವ ಕ್ರಿ.ಪೂ. 3102ಕ್ಕೂ ಮಾಯಾ ಗಣನೆಯ ಆದಿಯಾದ ಕ್ರಿ.ಪೂ. 3114ರ ಆಗಸ್ಟ್‌ಗೂ ಹನ್ನೊಂದೂವರೆ ವರ್ಷಗಳಷ್ಟೇ ಅಂತರ. ಇದು ಕಾಕತಾಳೀಯ, ಎರಡೂ ಕಡೆಯವರು ಬಹಳ ಕಾಲದ ಮೇಲೆ ಕುಳಿತು ಹಿಂದಕ್ಕೆ ಲೆಕ್ಕ ಹಾಕಿ ಗೊತ್ತುಮಾಡಿಕೊಂಡ ದಿನಗಳಿವು.

ದೀರ್ಘ ಗಣನೆಯನ್ನು ಬರೆಯಲು ಅವರಿಗೆ ಬೇಕಾದುದು ಮೂರೇ ಚಿಹ್ನೆಗಳು. ಚುಕ್ಕಿ ಎಂದರೆ ಒಂದು, ಅಡ್ಡಗೆರೆ ಎಂದರೆ ಐದು, ಚಿಪ್ಪಿನಂಥ ಆಕೃತಿ ಎಂದರೆ ಸೊನ್ನೆ. ಮೂರು ಗೆರೆಗಳ ಮೇಲೆ ನಾಲ್ಕು ಚುಕ್ಕಿ ಇಟ್ಟರೆ ಹತ್ತೊಂಬತ್ತು. ಅದರಾಚೆಗೆ ಸ್ಥಾನ ಮೇಲೇರುತ್ತದೆ. ನಮ್ಮ ಸ್ಥಾನಗಳು ಹತ್ತರಿಂದ ಹತ್ತಕ್ಕೆ ಏರಿದರೆ ಅವರವು ಇಪ್ಪತ್ತರಿಂದ ಇಪ್ಪತ್ತಕ್ಕೆ ಏರುತ್ತವೆ, ಕಾಲಗಣನೆಯಲ್ಲಿ ಮಾತ್ರ ಒಂದು ಮೆಟ್ಟಿಲು ಹದಿನೆಂಟಕ್ಕೆ ನಿಲ್ಲುತ್ತದೆ. ಒಂದು ದಿನ ಕಿನ್. 20 ಕಿನ್ ಸೇರಿ ಒಂದು ವಿನಾಲ್. 18 ವಿನಾಲ್ ಸೇರಿ 360 ದಿನಗಳ ತುನ್. 20 ತುನ್ ಸೇರಿ 7,200 ದಿನಗಳ ಕಾತುನ್. 20 ಕಾತುನ್ ಸೇರಿ 1,44,000 ದಿನಗಳ ಬಾಕ್ತುನ್. ಚಿಚೆನ್ ಇಟ್ಸಾದ ಹಳೆಯ ಭಾಗದಲ್ಲಿ ಒಂದು ಬಾಗಿಲಿನ ಮೇಲ್ದೊಲೆಯ ಕಲ್ಲಿನಲ್ಲಿ 10.2.9.1.9 ಎಂಬ ದಿನ ಕೆತ್ತಿದೆ. ಕೂಡಿ ನೋಡಿ: ಹತ್ತು ಬಾಕ್ತುನ್ 14,40,000, ಎರಡು ಕಾತುನ್ 14,400, ಒಂಬತ್ತು ತುನ್ 3,240, ಒಂದು ವಿನಾಲ್ 20, ಮೇಲೆ 9. ಒಟ್ಟು 14,57,669 ದಿನಗಳು. ಕ್ರಿ.ಪೂ. 3114ರಿಂದ ಅಷ್ಟು ದಿನ ಎಣಿಸಿದರೆ ಕ್ರಿ.ಶ. 878ರ ಜುಲೈ ತಿಂಗಳ ಕೊನೆಗೆ ಬಂದು ನಿಲ್ಲುತ್ತೇವೆ. ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನ ದೀರ್ಘ ಆಳ್ವಿಕೆ ಮುಗಿಯುತ್ತಿದ್ದ ಕಾಲ ಅದು. ಸಾವಿರದ ನೂರು ವರ್ಷಗಳ ಹಿಂದೆ ಒಬ್ಬ ಶಿಲ್ಪಿ ಉಳಿ ಹಿಡಿದು ಹದಿನಾಲ್ಕೂವರೆ ಲಕ್ಷ ದಿನಗಳನ್ನು ಒಂದೂ ತಪ್ಪದೆ ಕಲ್ಲಿಗೆ ಇಳಿಸಿದ್ದಾನೆ, ಅದೂ ಕಬ್ಬಿಣದ ಉಪಕರಣವೇ ಇಲ್ಲದ ನಾಡಿನಲ್ಲಿ. ಪಿರಮಿಡ್‌ನ ಯಾವ ಪವಾಡಕ್ಕಿಂತಲೂ ನನಗೆ ಇದು ದೊಡ್ಡದಾಗಿ ಕಾಣುತ್ತದೆ; ಆದರೂ ಒಂದು ದಿನದ ಪ್ರವಾಸದ ದಾರಿ ಸಾಮಾನ್ಯವಾಗಿ ಆ ಕಲ್ಲಿನ ಕಡೆಗೆ ಹೋಗುವುದಿಲ್ಲ.

2012ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆಂದು ಟಿವಿ ವಾಹಿನಿಗಳು ಹೆದರಿಸಿದ್ದು ಇದೇ ಲೆಕ್ಕವನ್ನು ಹಿಡಿದು. ಅಂದು 13 ಬಾಕ್ತುನ್‌ಗಳು, ಅಂದರೆ 18,72,000 ದಿನಗಳು ತುಂಬಿದವು, ಮರುದಿನ 13.0.0.0.1 ಆಯಿತು. ಗಾಡಿಯ ಮೀಟರಿನಲ್ಲಿ ಸೊನ್ನೆಗಳು ಸಾಲಾಗಿ ನಿಂತಷ್ಟೇ ಅದರ ಮಹತ್ವ. ಪಾಲೆಂಕೆಯ ಮಾಯಾ ಶಾಸನವೊಂದು ಕ್ರಿ.ಶ. 4772ರ ದಿನವನ್ನು ಸಲೀಸಾಗಿ ಲೆಕ್ಕ ಹಾಕಿಟ್ಟಿದೆ; ಲೋಕ 2012ಕ್ಕೇ ಮುಗಿಯುವುದೆಂದು ನಂಬಿದವರು ಅಷ್ಟು ದೂರ ಎಣಿಸುತ್ತಿರಲಿಲ್ಲ.

ಪಿರಮಿಡ್‌ನ ಉತ್ತರ ಮೆಟ್ಟಿಲಿನ ಬುಡದಲ್ಲಿ ಬಾಯಿ ತೆರೆದ ಎರಡು ಸರ್ಪದ ತಲೆಗಳಿವೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವದ ಆಸುಪಾಸಿನಲ್ಲಿ, ಸಂಜೆಯ ಬಿಸಿಲು ಅಂತಸ್ತುಗಳ ಅಂಚಿನಿಂದ ಬೀಳುವಾಗ, ಮೆಟ್ಟಿಲಿನ ಪಕ್ಕದ ಕೈಗೋಡೆಯ ಮೇಲೆ ಬೆಳಕಿನ ಏಳು ತ್ರಿಕೋನಗಳು ಮೂಡಿ, ಕೆಳಗಿನ ತಲೆಗೆ ಒಂದು ಮೈ ಕೂಡಿದಂತೆ ಕಾಣುತ್ತದೆ. ಆ ದಿನ ಸಾವಿರಾರು ಮಂದಿ ನೆರೆಯುತ್ತಾರೆ. ದೃಶ್ಯ ನಿಜ, ಆದರೆ ಅದು ವಿಷುವದ ಒಂದೇ ದಿನಕ್ಕೆ ಸೀಮಿತವಲ್ಲ, ಆಚೀಚಿನ ದಿನಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಕಟ್ಟಿದವರು ಇದನ್ನು ಉದ್ದೇಶಿಸಿದ್ದರೇ ಎಂಬ ಬಗ್ಗೆ ಪುರಾತತ್ತ್ವಜ್ಞರಲ್ಲಿ ಒಮ್ಮತವಿಲ್ಲ. ಚಪ್ಪಾಳೆಯದೂ ಇದೇ ಕಥೆ. ಗೈಡ್ ಮೆಟ್ಟಿಲಿನ ಎದುರು ನಿಲ್ಲಿಸಿ ಕೈ ತಟ್ಟಿಸುತ್ತಾರೆ. ಮರುದನಿ ಹಕ್ಕಿಯ ಚಿಲಿಪಿಲಿಯಂತೆ ಜಾರುತ್ತಾ ಬರುತ್ತದೆ, ಅದು ಪವಿತ್ರವಾದ ಕೆಟ್ಸಾಲ್ ಹಕ್ಕಿಯ ಕೂಗು ಎನ್ನುತ್ತಾರೆ. ಹೀಗಾಗುವ ಕಾರಣ ಸರಳ: ಹತ್ತಿರದ ಮೆಟ್ಟಿಲಿನಿಂದ ಸದ್ದು ಬೇಗ ಮರಳುತ್ತದೆ, ಮೇಲಿನವುಗಳಿಂದ ತಡವಾಗಿ, ಮತ್ತು ಆ ಅಂತರ ಮೇಲೇರಿದಂತೆ ಹಿಗ್ಗುತ್ತದೆ, ಅದಕ್ಕೇ ದನಿ ಮೇಲಿನ ಸ್ವರದಿಂದ ಕೆಳಕ್ಕೆ ಇಳಿದಂತೆ ಕೇಳುತ್ತದೆ. ಉದ್ದನೆಯ ಕಲ್ಲಿನ ಮೆಟ್ಟಿಲಸಾಲು ಬೇರೆ ಎಲ್ಲಿದ್ದರೂ ಒಂದಿಷ್ಟು ಹೀಗೆಯೇ ಆಗಬಹುದು. ಹಕ್ಕಿಯ ಕೂಗಿಗಾಗಿಯೇ ಮೆಟ್ಟಿಲು ಕಟ್ಟಿದರು ಎನ್ನುವುದು ಸೊಗಸಾದ ಊಹೆ, ಅಷ್ಟೇ.

ಊಹೆಯಲ್ಲದ ವಿಸ್ಮಯ ಒಳಗಿದೆ. 1930ರ ದಶಕದಲ್ಲಿ ಪಿರಮಿಡ್‌ನೊಳಗೆ ಸುರಂಗ ಕೊರೆದವರಿಗೆ ಇನ್ನೊಂದು ಚಿಕ್ಕ ಪಿರಮಿಡ್ ಸಿಕ್ಕಿತು. ಅದರ ಗುಡಿಯಲ್ಲಿ ಕೆಂಪು ಬಣ್ಣ ಬಳಿದ, ಚುಕ್ಕೆಗಳಿಗೆ ಪಚ್ಚೆಹಸಿರು ಜೇಡ್ ಬಿಲ್ಲೆಗಳನ್ನು ಕೂರಿಸಿದ ಜಾಗ್ವಾರ್ ಆಕಾರದ ಪೀಠ ಇದ್ದಲ್ಲೇ ಇತ್ತು. 2016ರಲ್ಲಿ ವಿದ್ಯುತ್ ಪ್ರವಾಹ ಹಾಯಿಸಿ ಒಳಗನ್ನು ಅಳೆದ ಮೆಕ್ಸಿಕೋದ ಸಂಶೋಧಕರು, ಅದರೊಳಗೂ ಸುಮಾರು 10 ಮೀಟರ್ ಎತ್ತರದ ಮೂರನೆಯ ಕಟ್ಟಡವಿದೆ ಎಂದು ತಿಳಿಸಿದರು. ಹಳೆಯ ಗುಡಿಯನ್ನು ಕೆಡವದೆ ಅದರ ಮೇಲೆಯೇ ಹೊಸದನ್ನು ಹೊದಿಸುವುದು ಮಾಯಾ ನಗರಗಳಲ್ಲಿ ಸಾಮಾನ್ಯ ಪದ್ಧತಿಯಾಗಿತ್ತು. ಹೀಗಾಗಿ ಪಿರಮಿಡ್ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಪದರವನ್ನು ಕೇಳುತ್ತಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ.

ಪಶ್ಚಿಮಕ್ಕೆ ನಡೆದರೆ ಚೆಂಡಾಟದ ಅಂಗಳ. 168 ಮೀಟರ್ ಉದ್ದ, 70 ಮೀಟರ್ ಅಗಲದ ಇದು ಮಧ್ಯ ಅಮೆರಿಕದ ಪ್ರಾಚೀನ ಆಟದಂಗಳಗಳಲ್ಲೆಲ್ಲ ದೊಡ್ಡದು. ಎರಡೂ ಕಡೆಯ ಎತ್ತರದ ಗೋಡೆಗಳಲ್ಲಿ, ನೆಲದಿಂದ ಸುಮಾರು 6 ಮೀಟರ್ ಮೇಲೆ, ಒಂದೊಂದು ಕಲ್ಲಿನ ಬಳೆ. ರಬ್ಬರ್ ಮರದ ಹಾಲಿಗೆ ಒಂದು ಬಗೆಯ ಬಳ್ಳಿಯ ರಸ ಬೆರೆಸಿ ಮಾಡಿದ ಗಟ್ಟಿ ಚೆಂಡನ್ನು ಮುಖ್ಯವಾಗಿ ಸೊಂಟದಿಂದ ಹೊಡೆಯುತ್ತಿದ್ದರು. ಗೈಡ್ ಬಳೆಯನ್ನು ತೋರಿಸುವಾಗ ನೀವು ಗೋಡೆಯ ಬುಡದ ಉಬ್ಬುಶಿಲ್ಪವನ್ನು ನೋಡಿ. ನಡುವೆ ಒಂದು ದುಂಡನೆಯ ಚೆಂಡು, ಅದರೊಳಗೆ ತಲೆಬುರುಡೆ. ಒಂದು ಬದಿಯ ಆಟಗಾರನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕತ್ತರಿಸಿದ ತಲೆ. ಎದುರಿಗೆ ಮಂಡಿಯೂರಿದ ತಲೆಯಿಲ್ಲದ ಆಟಗಾರ. ಅವನ ಕುತ್ತಿಗೆಯಿಂದ ರಕ್ತ ಚಿಮ್ಮುತ್ತಿದೆ, ಆದರೆ ಶಿಲ್ಪಿ ಆ ಧಾರೆಗಳನ್ನು ಹಾವುಗಳಾಗಿ ಕೆತ್ತಿದ್ದಾನೆ, ಒಂದನ್ನು ಮಾತ್ರ ಹೂಬಿಟ್ಟ ಬಳ್ಳಿಯಾಗಿ. ಸಾವಿನಿಂದ ಬೆಳೆ ಚಿಗುರುವುದೆಂಬ ನಂಬಿಕೆಯನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. 'ಗೆದ್ದ ತಂಡದ ನಾಯಕನ ತಲೆಯನ್ನೇ ಕಡಿಯುತ್ತಿದ್ದರು, ಅದು ಗೌರವವಾಗಿತ್ತು' ಎಂಬ ಜನಪ್ರಿಯ ಮಾತಿಗೆ ಮಾತ್ರ ಈ ಕಲ್ಲು ಸಾಕ್ಷಿ ಹೇಳುವುದಿಲ್ಲ. ತಲೆ ಹೋದವನು ಗೆದ್ದವನೋ ಸೋತವನೋ ಎಂದು ಇಲ್ಲಿ ಬರೆದಿಲ್ಲ. ಬಲಿಯಾದವರು ಸೋತವರು ಅಥವಾ ಯುದ್ಧದ ಸೆರೆಯಾಳುಗಳು ಎಂಬುದು ಹೆಚ್ಚು ಸಂಭಾವ್ಯವೆಂದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ಪಿರಮಿಡ್‌ನ ಉತ್ತರಕ್ಕೆ ಸುಮಾರು 300 ಮೀಟರ್ ಉದ್ದದ ಎತ್ತರಿಸಿದ ದಾರಿಯೊಂದು ಪವಿತ್ರ ಸೆನೋಟೆಗೆ ಹೋಗುತ್ತದೆ. ಸುಣ್ಣದ ಗಾರೆ ಹಾಕಿ ಬೆಳ್ಳಗೆ ಮಾಡಿದ ಇಂಥ ದಾರಿಗಳಿಗೆ ಸಾಕ್‌ಬೆ ಎಂದು ಹೆಸರು; ಸಾಕ್ ಎಂದರೆ ಬಿಳಿ, ಬೆ ಎಂದರೆ ದಾರಿ. ಕುಡಿಯುವ ನೀರಿಗೆ ಬೇರೆ ಸೆನೋಟೆ ಇತ್ತು, ಸುಮಾರು 60 ಮೀಟರ್ ಅಗಲದ ಈ ಹಸಿರು ಕೊಳ ಹರಕೆಗೆ ಮೀಸಲು. 20ನೇ ಶತಮಾನದ ಆರಂಭದಲ್ಲಿ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್, ಚಿಚೆನ್ ಇಟ್ಸಾ ಇದ್ದ ಜಮೀನನ್ನೇ ಕೊಂಡು, ಕೊಳದ ತಳವನ್ನು ಯಂತ್ರದಿಂದ ಕೆರೆಸಿದಾಗ ಚಿನ್ನ, ಜೇಡ್, ಧೂಪದ ಉಂಡೆಗಳು, ಮನುಷ್ಯರ ಮೂಳೆಗಳು ಮೇಲೆ ಬಂದವು. ಬಹುಪಾಲು ವಸ್ತುಗಳು ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಸೇರಿದವು, ಕೆಲವು ಬಹುಕಾಲದ ನಂತರ ಮೆಕ್ಸಿಕೋಗೆ ಮರಳಿದವು. ಕನ್ಯೆಯರನ್ನು ಸಿಂಗರಿಸಿ ಇಲ್ಲಿ ಎಸೆಯುತ್ತಿದ್ದರು ಎಂಬ ಕಥೆ ಆಗಿನಿಂದ ಇನ್ನಷ್ಟು ಬಲಿಯಿತು. ಆದರೆ ಕೊಳದಲ್ಲಿ ಸಿಕ್ಕ ಮೂಳೆಗಳಲ್ಲಿ ಗಂಡಸರವು, ಹೆಂಗಸರವು, ಮಕ್ಕಳವು ಎಲ್ಲವೂ ಇವೆ. ಇದಕ್ಕಿಂತ ಕಠಿಣವಾದ ಸತ್ಯ 2024ರಲ್ಲಿ ಹೊರಬಂತು. ಕೊಳದ ಸಮೀಪ 1967ರಲ್ಲಿ ಪತ್ತೆಯಾಗಿದ್ದ ನೆಲದೊಳಗಿನ ಕೋಣೆಯೊಂದರಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಅವಶೇಷಗಳಿದ್ದವು. ಅವರಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷಿಸಿದಾಗ ಅಷ್ಟೂ ಮಂದಿ ಗಂಡುಮಕ್ಕಳೆಂದೂ, ಅನೇಕರು ಹತ್ತಿರದ ರಕ್ತಸಂಬಂಧಿಗಳೆಂದೂ, ಎರಡು ಜೋಡಿ ತದ್ರೂಪಿ ಅವಳಿಗಳೆಂದೂ ತಿಳಿಯಿತು. ಅವಳಿ ವೀರರು ಪಾತಾಳಕ್ಕೆ ಇಳಿದು ಮೃತ್ಯುದೇವತೆಗಳನ್ನು ಗೆಲ್ಲುವ ಪುರಾಣ ಮಾಯಾ ಜನರಲ್ಲಿ ಬಹಳ ಪ್ರಸಿದ್ಧ. ಕನ್ಯೆಯರ ಕಥೆ ಕಟ್ಟಿದವರಿಗೆ ಇದು ಹೊಳೆದಿರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಭಾಗ ಸುದ್ದಿಯಾದದ್ದು ಕಡಿಮೆ: ಹತ್ತಿರದ ಹಳ್ಳಿಯ ಇಂದಿನ ಮಾಯಾ ನಿವಾಸಿಗಳ ವಂಶವಾಹಿಗಳಲ್ಲಿ ಆ ಹಳೆಯ ಜನರ ಮುಂದುವರಿಕೆ ಕಾಣುತ್ತದೆ.

ದಕ್ಷಿಣ ಭಾಗಕ್ಕೆ ಹೆಚ್ಚಿನ ಗುಂಪುಗಳು ಅವಸರದಲ್ಲಿ ಹೋಗಿ ಬರುತ್ತವೆ. ಅಲ್ಲಿರುವ ಎಲ್ ಕಾರಕೋಲ್, ಅಂದರೆ ಶಂಬುಕ ಅಥವಾ ಬಸವನಹುಳು, ಒಂದು ದುಂಡು ಗೋಪುರ. ಒಳಗಿನ ಸುರುಳಿ ಮೆಟ್ಟಿಲಿನಿಂದ ಆ ಹೆಸರು. ಅದರ ಕಿಂಡಿಗಳಲ್ಲಿ ಕೆಲವು ಬೆಳ್ಳಿ ಚುಕ್ಕಿ, ಅಂದರೆ ಶುಕ್ರಗ್ರಹ, ದಿಗಂತದ ತುತ್ತತುದಿಯಲ್ಲಿ ಮುಳುಗುವ ದಿಕ್ಕುಗಳಿಗೆ ಹೊಂದುತ್ತವೆ ಎನ್ನುತ್ತಾರೆ. ಬೆಳ್ಳಿಯ ಮೇಲೆ ಅವರಿಗಿದ್ದ ಗಮನಕ್ಕೆ ಗಟ್ಟಿ ಪುರಾವೆ ಕಲ್ಲಿಗಿಂತ ಪುಸ್ತಕದಲ್ಲಿದೆ. ಅತ್ತಿ ಜಾತಿಯ ಮರದ ತೊಗಟೆಯ ಹಾಳೆಗೆ ಸುಣ್ಣ ಬಳಿದು, ಮಡಿಕೆಮಡಿಕೆಯಾಗಿ, ನಮ್ಮ ಕಡತಗಳಂತೆ ಮಡಚಿಟ್ಟ ಆ ಪುಸ್ತಕಗಳಲ್ಲಿ ಒಂದು ಇಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಬೆಳ್ಳಿ ಒಮ್ಮೆ ಬೆಳಗಿನ ಚುಕ್ಕಿಯಾಗಿ ಮೂಡಿ ಮತ್ತೆ ಹಾಗೆಯೇ ಮೂಡುವುದಕ್ಕೆ ಸರಾಸರಿ 584 ದಿನ. ಇಂಥ ಐದು ಸುತ್ತುಗಳಿಗೆ 2,920 ದಿನ. ಅದು ಸರಿಯಾಗಿ ಎಂಟು ಹಾಬ್ ವರ್ಷಗಳು. ಈ ಹೊಂದಾಣಿಕೆಯ ಮೇಲೆ ಆ ಪುಸ್ತಕದಲ್ಲಿ ಪುಟಗಟ್ಟಲೆ ಕೋಷ್ಟಕಗಳಿವೆ.

ಅಂಥ ಪುಸ್ತಕಗಳಲ್ಲಿ ಇಂದು ಉಳಿದಿರುವುದು ನಾಲ್ಕೇ. 1562ರ ಜುಲೈ 12ರಂದು ಮಾನಿ ಎಂಬ ಊರಿನಲ್ಲಿ, ಸೈತಾನನ ಸುಳ್ಳುಗಳೆಂದು ಹೇಳಿ, ಕೈಗೆ ಸಿಕ್ಕ ಮಾಯಾ ಪುಸ್ತಕಗಳನ್ನೆಲ್ಲ ರಾಶಿ ಹಾಕಿ ಸುಡಿಸಿದವನು ಮೆಟ್ಟಿಲು ಎಣಿಸಿದ ಅದೇ ದಿಯೇಗೊ ದೆ ಲಾಂಡಾ. ವಿಪರ್ಯಾಸವೆಂದರೆ ಆ ಲಿಪಿಗೆ ಬೀಗದಕೈ ಬಿಟ್ಟುಹೋದವನೂ ಅವನೇ. ಸ್ಪ್ಯಾನಿಷ್ ಅಕ್ಷರಗಳಿಗೆ ಸಮನಾದ ಮಾಯಾ ಅಕ್ಷರಗಳನ್ನು ಬರೆದು ಕೊಡು ಎಂದು ಅವನು ಸ್ಥಳೀಯ ಪಂಡಿತರನ್ನು ಕೇಳಿ, ಬಂದ ಉತ್ತರವನ್ನು ಟಿಪ್ಪಣಿ ಮಾಡಿಕೊಂಡಿದ್ದ. ಆ ಪಟ್ಟಿ ಅರ್ಥವಿಲ್ಲದ್ದೆಂದು ಶತಮಾನಗಳ ಕಾಲ ತಿಳಿಯಲಾಗಿತ್ತು, ಏಕೆಂದರೆ ಓದುವವರು ಅದರಲ್ಲಿ ಒಂದೊಂದು ಧ್ವನಿಗೆ ಒಂದೊಂದು ಅಕ್ಷರವನ್ನು ಹುಡುಕುತ್ತಿದ್ದರು. 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ಅವು ವ್ಯಂಜನ-ಸ್ವರ ಕೂಡಿದ ಅಕ್ಷರಗಳೆಂದು ತೋರಿಸಿದರು. ಕಾಗುಣಿತ ಕಲಿತವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜಾಗ್ವಾರ್‌ಗೆ ಮಾಯಾ ಭಾಷೆಯಲ್ಲಿ ಬಾಲಮ್ ಎನ್ನುತ್ತಾರೆ. ಲಿಪಿಕಾರ ಒಂದು ಜಾಗ್ವಾರ್ ತಲೆಯನ್ನು ಬಿಡಿಸಿ ಅದನ್ನು ಬಾಲಮ್ ಎಂದು ಓದಿಸಬಹುದು, ಇಲ್ಲವೇ ಬ, ಲ, ಮ ಎಂಬ ಮೂರು ಅಕ್ಷರಚಿಹ್ನೆಗಳನ್ನು ಜೋಡಿಸಿ, ಕೊನೆಯ ಸ್ವರವನ್ನು ಬಿಟ್ಟು ಓದಿಸಬಹುದು. ಎರಡನ್ನೂ ಬೆರೆಸುವುದೂ ಉಂಟು.

ಇನ್ನು 'ಮಾಯವಾದರು' ಎಂಬ ಮಾತು. ಒಂಬತ್ತನೆಯ ಶತಮಾನದಲ್ಲಿ ದಕ್ಷಿಣದ ಕಾಡುಸೀಮೆಯ ತಿಕಾಲ್, ಪಾಲೆಂಕೆ, ಕೋಪಾನ್‌ಗಳಂಥ ನಗರಗಳಲ್ಲಿ ಅರಸರು ಶಾಸನ ಹಾಕಿಸುವುದು ಒಂದೊಂದಾಗಿ ನಿಂತು, ಜನ ಚದುರಿದರು ಎಂಬುದು ಸರಿ. ದೀರ್ಘ ಗಣನೆಯ ಕೊನೆಯ ಶಾಸನ ತೋನಿನಾದಲ್ಲಿದೆ, ಕ್ರಿ.ಶ. 909ರದು. ಕೆರೆಗಳ ತಳದ ಹೂಳಿನಲ್ಲಿ ದೀರ್ಘ ಬರಗಾಲದ ಗುರುತುಗಳು ಸಿಕ್ಕಿವೆ. ಅದರ ಜೊತೆಗೆ ನಗರನಗರಗಳ ನಡುವಿನ ಯುದ್ಧ, ಅರಸೊತ್ತಿಗೆಯ ಮೇಲೆ ಕಳೆದ ನಂಬಿಕೆ ಎಲ್ಲವೂ ಸೇರಿದ್ದಿರಬೇಕು. ಆದರೆ ಅದೇ ಹೊತ್ತಿನಲ್ಲಿ ಉತ್ತರದ ಚಿಚೆನ್ ಇಟ್ಸಾ ಏರುತ್ತಿತ್ತು. ಅದು ಇಳಿದ ಮೇಲೆ ಮಾಯಾಪಾನ್ ಎದ್ದಿತು, 15ನೇ ಶತಮಾನದ ಮಧ್ಯದವರೆಗೆ ಬಾಳಿತು. ಇಟ್ಸಾ ಜನರ ಕೊನೆಯ ರಾಜ್ಯ ದಕ್ಷಿಣದ ಒಂದು ಸರೋವರದ ನಡುಗಡ್ಡೆಯಲ್ಲಿ 1697ರವರೆಗೂ ಸ್ಪ್ಯಾನಿಷರಿಗೆ ಬಗ್ಗದೆ ನಿಂತಿತ್ತು. ಮಾಯಾ ಕುಟುಂಬದ ಸುಮಾರು ಮೂವತ್ತು ಭಾಷೆಗಳು ಇಂದು ಬದುಕಿವೆ. ಯುಕಾತಾನ್‌ನ ಮಾಯಾ ಭಾಷೆಯೊಂದನ್ನೇ ಲಕ್ಷಗಟ್ಟಲೆ ಜನ ಆಡುತ್ತಾರೆ. ವಿಜಯನಗರ ಬಿದ್ದಿತೆಂದು ಕನ್ನಡಿಗರು ಮಾಯವಾದರು ಎಂದು ಯಾರಾದರೂ ಬರೆದರೆ ನಮಗೆ ಹೇಗನ್ನಿಸೀತು?

ಹೋಗುವವರಿಗೆ ನಾಲ್ಕು ಮಾತು. ಕಾನ್‌ಕುನ್ ಇರುವ ಕಿಂತಾನಾ ರೂ ರಾಜ್ಯದ ಗಡಿಯಾರ ಚಿಚೆನ್ ಇಟ್ಸಾ ಇರುವ ಯುಕಾತಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದಿದೆ. ಹೋಗುವಾಗ ಒಂದು ಗಂಟೆ ಸಿಗುತ್ತದೆ, ಬರುವಾಗ ಕಳೆಯುತ್ತದೆ, ಸಂಜೆಯ ವಿಮಾನವಿದ್ದರೆ ಎಚ್ಚರ. ಪ್ರವೇಶಕ್ಕೆ ರಾಜ್ಯದ್ದೊಂದು, ಕೇಂದ್ರದ್ದೊಂದು ಎಂದು ಎರಡು ಶುಲ್ಕಗಳಿವೆ. ಪ್ರವಾಸದ ದರದಲ್ಲಿ ಎರಡೂ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಪಿರಮಿಡ್ ಹತ್ತುವುದನ್ನು ನಿಲ್ಲಿಸಿ ಸುಮಾರು ಎರಡು ದಶಕಗಳಾದವು. ಮೇ ಕೊನೆಯಲ್ಲೂ ಜುಲೈ ನಡುವಿನಲ್ಲೂ ಇಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಅಂಗಳದಲ್ಲಿ ನೆರಳಿಲ್ಲ, ಟೋಪಿ ಮತ್ತು ನೀರು ಬೇಕೇ ಬೇಕು. ಸಾಧ್ಯವಿದ್ದರೆ ಹಿಂದಿನ ರಾತ್ರಿ 45 ಕಿಲೋಮೀಟರ್ ದೂರದ ವಯ್ಯಾದೋಲಿದ್‌ನಲ್ಲಿ ತಂಗಿ, ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವಾಗಲೇ ಒಳಗಿರುವುದು ಉತ್ತಮ. ಕರಾವಳಿಯ ಬಸ್ಸುಗಳು ಬರುವಷ್ಟರಲ್ಲಿ ಚೆಂಡಾಟದ ಅಂಗಳದ ಉಬ್ಬುಶಿಲ್ಪಗಳನ್ನು ನಿಧಾನವಾಗಿ ನೋಡಿ ಮುಗಿಸಬಹುದು.

ಸೆನೋಟೆಯ ದಾರಿಯ ಇಕ್ಕೆಲದಲ್ಲೂ ಕರಕುಶಲ ವಸ್ತುಗಳ ಅಂಗಡಿಗಳು. ಮರದ ಮುಖವಾಡ, ಕಸೂತಿಯ ಬಟ್ಟೆ, ಊದಿದರೆ ಜಾಗ್ವಾರ್‌ನಂತೆ ಗುರುಗುಟ್ಟುವ ಪೀಪಿ. ಮಾರುವವರಲ್ಲಿ ಬಹಳಷ್ಟು ಮಂದಿ ಸುತ್ತಲಿನ ಹಳ್ಳಿಗಳ ಮಾಯಾ ಜನರೇ. ಅವರಲ್ಲಿ ಕುಶಲ ವಿಚಾರಿಸುವ ಮಾತು 'ಬಿಶ್ ಅ ಬೇಲ್?'; ಸಾಕ್‌ಬೆಯಲ್ಲಿರುವ ಅದೇ ದಾರಿ ಎಂಬ ಪದ ಇದರಲ್ಲೂ ಇದೆ, 'ನಿನ್ನ ದಾರಿ ಹೇಗಿದೆ?' ಎಂದು ಅದರ ಅರ್ಥ. 'ಮಾಲೋಬ್', ಅಂದರೆ ಚೆನ್ನಾಗಿದೆ, ಎಂಬುದು ಉತ್ತರ. ಇದಿಷ್ಟನ್ನು ಕಲಿತು ಹೋಗಿ ಹೇಳಿದರೆ ಎದುರಿನವರ ಮುಖ ಅರಳುವುದು ಖಂಡಿತ. ನಂತರ ಬೆಲೆ ಕೇಳುವಾಗ ಮಾತ್ರ ಕಿವಿಗೊಟ್ಟು ಆಲಿಸಿ. ಯುಕಾತಾನ್‌ನ ಇಂದಿನ ಮಾತಿನಲ್ಲಿ ಮಾಯಾ ಅಂಕಿಗಳು ಹುನ್, ಕಾ, ಓಶ್, ಕಾನ್ ಎಂದು ಸಾಮಾನ್ಯವಾಗಿ ನಾಲ್ಕರವರೆಗೆ ಹೋಗಿ ನಿಲ್ಲುತ್ತವೆ. ಐದರಿಂದ ಮೊದಲುಗೊಂಡು ಎಣಿಕೆ ಸ್ಪ್ಯಾನಿಷ್‌ನಲ್ಲಿ ನಡೆಯುತ್ತದೆ.